ಮುಹೂರ್ತದ ಹಲಗೆ

ಕೊಟ್ಟೂರಿನ ಶೇಂಗಾ ವ್ಯಾಪಾರಿ ಹಾಲೇಶಪ್ಪನ ಮನೆಯ ಮಹಡಿಗೆ ಹಾಸಿದ ಹಲಗೆ ಯಾವ ಮರದ್ದು ಎಂದು ಕೇಳಿದರೆ, ಆ ಓಣಿಯಲ್ಲಿ ಯಾರೂ ತಡವರಿಸುತ್ತಿರಲಿಲ್ಲ. ಸಾಗುವಾನಿ. ಹಾಲೇಶಪ್ಪನ ಅಪ್ಪ ದಾಂಡೇಲಿಯಿಂದ ತರಿಸಿದ್ದು. ಈ ಮಾತನ್ನು ಹಾಲೇಶಪ್ಪ ಎಷ್ಟು ಜನರಿಗೆ ಎಷ್ಟು ಸಲ ಹೇಳಿದ್ದನೆಂದರೆ, ಕೇಳಿದವರು ಅವನಿಗೇ ತಿರುಗಿ ಹೇಳುವಷ್ಟು ಆಗಿತ್ತು.

ಆದರೆ ಹಲಗೆಯ ಮುಖ ಕಂಡವರು ಯಾರೂ ಇರಲಿಲ್ಲ. ಅವನ ಹೆಂಡತಿ ಅನ್ನದಾನಮ್ಮ ಪ್ರತಿ ದೀಪಾವಳಿಗೆ ಹರಳೆಣ್ಣೆಯಲ್ಲಿ ಕಾಡಿಗೆ ಕಲೆಸಿ ಆ ನೆಲವನ್ನು ತಿಕ್ಕಿಸುತ್ತಿದ್ದಳು. ಅವಳಿಗಿಂತ ಮೊದಲು ಅವಳ ಅತ್ತೆಯೂ ಅದನ್ನೇ ಮಾಡಿದ್ದಳು. ತಿಕ್ಕಿ ತಿಕ್ಕಿ ನೆಲ ರೊಟ್ಟಿ ಹಂಚಿನಂತೆ ಕಪ್ಪಗೆ ಮಿಂಚುತ್ತಿತ್ತು. ಕೆಳಗಿನ ಪಡಸಾಲೆಯಲ್ಲಿ ನಿಂತು ತಲೆಯೆತ್ತಿದರೆ ಜಂತಿಗೂ ಹಲಗೆಗೂ ಆಕಾಶದ ಬಣ್ಣದ ಆಯಿಲ್ ಪೇಂಟು. ಬಸುರಿ ಸೊಸೆ ಸುಕನ್ಯಾಳ ಕುಬಸಕ್ಕೆಂದು, ಅಂದರೆ ಸೀಮಂತಕ್ಕೆಂದು, ಅದೇ ತಿಂಗಳು ಎರಡು ಕೈ ಹೊಸದಾಗಿ ಹೊಡೆಸಿದ್ದರು.

ಕುಬಸಕ್ಕೆ ವಾರ ಇರುವಾಗ ಹಾಲೇಶಪ್ಪ ಬಡಗಿ ಮಹಬೂಬನನ್ನು ಕರೆಸಿದ. ಕೊಟ್ಟೂರಿನ ಅರ್ಧ ಮನೆಗಳ ಬಾಗಿಲು ಮಹಬೂಬನ ಕೈಯಲ್ಲಿ ಆದವು. ಅವನು ಮರದ ಬಗ್ಗೆ ಒಂದು ಮಾತು ಹೇಳಿದರೆ ಇನ್ನೊಬ್ಬರನ್ನು ಕೇಳುವ ರೂಢಿ ಇರಲಿಲ್ಲ.

"ನೋಡಪಾ ಮಹಬೂಬ, ತೆಲಿಗಿಯಿಂದ ಬೀಗ್ರು ಎರಡು ಟೆಂಪೊ ಮಾಡ್ಕೊಂಡು ಬರ್ತಾರ. ನಮ್ಮ ಓಣಿ ಹೆಣ್ಮಕ್ಕಳು ಬ್ಯಾರೆ. ಎಲ್ಲಾರೂ ಮ್ಯಾಲೇ ಕುಂದ್ರೋರು. ತಡಿತೈತಲ್ಲ?"

"ಯಾವ ಮರ ಅಂತ ಒಂದು ಸಲ ಕಣ್ಣಿಲೆ ನೋಡಿ ಹೇಳ್ತೀನ್ರಿ ಸಾವ್ಕಾರ."

"ಸಾಗುವಾನಿ ಅಂತ ಹೇಳ್ಲಿಲ್ಲೇನು?"

"ನೀವು ಹೇಳೀರಿ. ಮರ ಹೇಳ್ಲಿ."

ಮಹಬೂಬ ಉಳಿ ತೆಗೆದು ನೆಲದ ನಡುವೆ ಕುಕ್ಕರಗಾಲಲ್ಲಿ ಕುಳಿತಿದ್ದೇ ತಡ, ಅನ್ನದಾನಮ್ಮ ಓಡಿ ಬಂದಳು. "ಏ ಏ ಏ! ನಡುವ ಗೀರಬ್ಯಾಡ! ತೆಲಿಗಿ ಬೀಗ್ತಿ ಮೆಟ್ಲ ಹತ್ತಿ ಬಂದ್ಲಂದ್ರ ಮೊದ್ಲು ಆ ಗೀರು ನೋಡ್ತಾಳ, ಆಮ್ಯಾಲ ನನ್ನ ಮಾರಿ ನೋಡ್ತಾಳ. ಅಲ್ಲೆಲ್ಲರ ಮೂಲ್ಯಾಗ ಕೆತ್ತಿಕ್ಯಾ ಹೋಗು."

ಆಗಲಿ ಎಂದು ಅವನು ಮೆಟ್ಟಿಲ ಬಾಯಿಯ ಪಕ್ಕದ ಈಶಾನ್ಯ ಮೂಲೆಗೆ ಸರಿದ. ಅಲ್ಲಿ ದೇವರ ಗೂಡು, ಗೂಡಿನ ಕೆಳಗೊಂದು ಅಗಲವಾದ ಹಲಗೆ. ಉಳಿ ಒತ್ತಿದ. ಕಾಡಿಗೆಯ ಪದರ ಸುಲಿದು ಒಳಗಿನಿಂದ ಬಂಗಾರದ ಬಣ್ಣದ ಸುರುಳಿಯೊಂದು ಎದ್ದಿತು. ಬೆರಳಲ್ಲಿ ಹೊಸೆದ, ಜಿಡ್ಡು. ಮೂಗಿಗೆ ಹಿಡಿದ, ಹೊಸ ಚಪ್ಪಲಿಯ ಚರ್ಮದಂಥ ವಾಸನೆ. ಇನ್ನು ಅನುಮಾನವೇ ಇಲ್ಲ. ಜಂತಿಗಳನ್ನೂ ನೋಡಬೇಕಿತ್ತು. ಆದರೆ ಕೆಳಗಿನ ಬಣ್ಣ ಆಗಷ್ಟೇ ಒಣಗಿತ್ತು. ಮೇಲೆ ಸಾಗುವಾನಿ ಹಾಸುವ ಯಜಮಾನ ಅದನ್ನು ಹೊರುವ ಜಂತಿಗೆ ಹಗುರ ಮರ ಹಾಕಿಸುತ್ತಾನೆಯೇ ಎಂದು ಮನಸ್ಸಿನಲ್ಲೇ ಲೆಕ್ಕ ಹಾಕಿದ.

"ಆನಿ ತಂದು ನಿಂದ್ರಿಸ್ರಿ ಸಾವ್ಕಾರ. ಏನೂ ಆಗಂಗಿಲ್ಲ," ಎಂದ.

ಹಾಲೇಶಪ್ಪ ಮೀಸೆಯಡಿ ನಕ್ಕ. "ನಮ್ಮಪ್ಪ ಅಂದ್ರ ಏನಂದ್ಕೊಂಡಿ?"

* * *

ಕುಬಸದ ದಿನ ಮಧ್ಯಾಹ್ನದ ಹೊತ್ತಿಗೆ ಮನೆ ಮೇಲೆ ಹೆಂಗಸರಿಂದ, ಕೆಳಗೆ ಗಂಡಸರಿಂದ ತುಂಬಿತ್ತು. ಪಡಸಾಲೆಯ ಒಂದು ಗೋಡೆಗೆ ಶೇಂಗಾ ಚೀಲಗಳ ಸಾಲು. ಅದಕ್ಕೆ ಬೆನ್ನು ಕೊಟ್ಟು ಗಂಡಸರು ಕುಳಿತಿದ್ದರು. ಮಹಬೂಬನೂ ಬಿಳಿ ಟೋಪಿ, ಇಸ್ತ್ರಿ ಜುಬ್ಬಾ ಹಾಕಿಕೊಂಡು ಅವರ ನಡುವೆ ಇದ್ದ. ಅವನ ಹೆಂಡತಿ ಅಜೀಜಬಿ ಮೇಲಿದ್ದಳು. ಆ ಓಣಿಗೆ ಬಳೆ ಇಡಿಸುವವಳು ಅವಳೇ. ಬಸುರಿಗೆ ಹಸಿರು ಬಳೆ ಇಡಿಸಿ, ಆಮೇಲೆ ಬಂದ ಮುತ್ತೈದೆಯರಿಗೆಲ್ಲ ಇಡಿಸಬೇಕು. ಬೆಳಿಗ್ಗೆಯೇ ಬಳೆಯ ಮಲಾರ ಹೆಗಲಿಗೇರಿಸಿಕೊಂಡು ಹತ್ತಿದವಳ ದನಿ ಆಗಾಗ ಕೆಳಗೆ ಬೀಳುತ್ತಿತ್ತು: "ಕೈ ಸಡಿಲ ಬಿಡವ್ವಾ, ನಿನ್ನ ಗಂಡ ಹಿಡ್ಕೊಂಡಿಲ್ಲ, ನಾ ಹಿಡ್ಕೊಂಡೀನಿ!" ಅದರ ಹಿಂದೆಯೇ ನಗುವಿನ ಅಲೆ.

ಮಹಬೂಬ ಚಹದ ಬಸಿಯನ್ನು ತುಟಿಗೆ ಒಯ್ದ. ಚಹದ ಮೇಲೆ ಏನೋ ತೇಲುತ್ತಿತ್ತು. ಹಿಟ್ಟು. ಊದಿದರೂ ಹೋಗಲಿಲ್ಲ. ಜುಬ್ಬಾದ ತೋಳಿನ ಮೇಲೂ ಇತ್ತು. ಬೆರಳಿಗೆ ಒತ್ತಿಕೊಂಡು ಹೊಸೆದು ನೋಡಿದ. ಜರಡಿ ಹಿಡಿದ ಗೋಧಿ ಹಿಟ್ಟಿನಷ್ಟು ನಯ.

ತಲೆಯೆತ್ತಿದ. ನಡುವಿನ ಜಂತಿಯ ಉದ್ದಕ್ಕೂ ಹೊಸ ನೀಲಿ ಬಣ್ಣ ಕೂದಲೆಳೆಯಷ್ಟು ಸೀಳಿತ್ತು. ಮೇಲೆ ಹೆಂಗಸರು ನಕ್ಕಾಗ, ಮೈ ಅಲುಗಿಸಿದಾಗ, ಆ ಸೀಳಿನಿಂದ ಹಿಟ್ಟು ಉದುರುತ್ತಿತ್ತು.

ಹುಳ ತಿಂದ ಮರದ ಹಿಟ್ಟು. ಹಗುರ ಮರವನ್ನು ತಿನ್ನುವ ಹುಳ ಸಾಗುವಾನಿಯ ತಿರುಳಿಗೆ ಬಾಯಿ ಹಾಕುವುದಿಲ್ಲ. ಮಹಬೂಬ ಬೆರಳನ್ನು ಮತ್ತೊಮ್ಮೆ ಹೊಸೆದು ನೋಡಿದ. ಇಲ್ಲ, ನಾನೇ ಮೂಸಿ ನೋಡಿದ್ದೇನೆ, ಎಂದುಕೊಂಡ. ವಾಸನೆ ಸುಳ್ಳು ಹೇಳುತ್ತದೆಯೇ?

ಪಕ್ಕದಲ್ಲಿ ಇಟ್ಟಿಗಿ ಊರಿನ ಮರುಳಪ್ಪ ಕುಳಿತಿದ್ದ. ಹಾಲೇಶಪ್ಪನ ಸೋದರಮಾವ, ಎಂಬತ್ತರ ಹತ್ತಿರದ ಮುದುಕ, ಬಾಯಿಗೆ ಬಿಡುವಿಲ್ಲದವನು. ಮಹಬೂಬ ಮೇಲೆ ನೋಡುವುದನ್ನು ಕಂಡು ಅವನೂ ಮೇಲೆ ನೋಡಿದ.

"ಏನ್ ನೋಡ್ತಿಯೋ ಸಾಬಣ್ಣ? ಈ ಮಹಡಿ ಕಟ್ಟುವಾಗ ನಾ ಹಿಂಗ, ಮೊಣಕಾಲುದ್ದ ಇದ್ದೆ. ಮುಹೂರ್ತದ ಹಲಗಿ ಕೊಟ್ಟೋರು ನಾವು. ನಮ್ಮಕ್ಕನ ತವರುಮನಿಯವ್ರು. ಎತ್ತಿನ ಬಂಡ್ಯಾಗ ಇಟ್ಟಿಗಿಯಿಂದ ಇಲ್ಲೀತನಕ ಆ ಹಲಗಿ ಮ್ಯಾಲ ಕುಂತು ಬಂದೀನಿ ನಾ."

"ಮುಹೂರ್ತದ ಹಲಗಿ ಅಂದ್ರ?"

"ಗೊತ್ತಿಲ್ಲೇನು? ಆಗ ಹಂಗಿತ್ತು. ಮಹಡಿ ಹಾಸುವಾಗ ಮೊದಲನೇ ಹಲಗಿ ಸೊಸಿ ತವರಿನಿಂದ ಬರಬೇಕು. ಅರಿಷಿಣ ಹಚ್ಚಿ, ಈಶಾನ್ಯದಾಗ, ದೇವರ ಗೂಡಿನ ಬುಡಕ್ಕ ಹಾಕೋದು. ಸಾಗುವಾನಿ ಕೊಟ್ವಿ ನಾವು. ನಮ್ಮಪ್ಪಗ ಮಾನ ಅಂದ್ರ ಮಾನ."

"ಉಳಿದವು?" ಮಹಬೂಬ ಕೇಳಿದ.

ಮರುಳಪ್ಪ ಸುತ್ತ ನೋಡಿ ದನಿ ತಗ್ಗಿಸಿದ. ಅದೂ ಪಡಸಾಲೆಯ ಅರ್ಧಕ್ಕೆ ಕೇಳುವಷ್ಟೇ ತಗ್ಗಿತು. "ಉಳಿದಿದ್ದು ಇವ್ರು ಹಾಕ್ಕೊಂಡ್ರು. ದಾಂಡೇಲಿ ಅಂತ ಹೇಳ್ಕೊತಾನ ನನ್ನ ಅಳಿಯ! ಇವ್ರಪ್ಪ ಕೆರಿ ತೋಟದಾಗ ಹಳೇ ಮಾವಿನ ಗಿಡ ಕಡಿಸಿದ. ಜಂತಿನೂ ಅದೇ, ಹಲಗಿನೂ ಅದೇ. ಜಂತಿ ಕೆಳಗಿನ ಆ ದೊಡ್ಡ ತೊಲಿ ಒಂದು ಬೇವಿಂದು, ಅದೊಂದು ಗಟ್ಟಿ ಅದ."

ಮಾವು. ತಾನು ಮೂಸಿದ ಹಲಗೆ ಇಡೀ ಮಹಡಿಯಲ್ಲಿ ಅದೊಂದೇ ಬೇರೆ ಜಾತಿಯದು. ಅಂಥ ಒಂದು ಹಲಗೆಯನ್ನು ಎಲ್ಲಿ ಹಾಕುತ್ತಾರೋ ಅಲ್ಲಿಗೇ ಹೋಗಿ ಕುಳಿತು, ಅದನ್ನೇ ಕೆತ್ತಿ, ಇಡೀ ನೆಲಕ್ಕೆ ಜಾಮೀನು ಕೊಟ್ಟಿದ್ದ. ಈಗ ಆ ನೆಲದ ಮೇಲೆ ಎರಡು ಟೆಂಪೊ ಬೀಗರು, ಓಣಿಯ ಹೆಂಗಸರು, ಕಂಕುಳ ಕೂಸುಗಳು, ತನ್ನ ಹೆಂಡತಿ. ನಟ್ಟನಡುವೆ ಮಣೆಯ ಮೇಲೆ ಏಳು ತಿಂಗಳ ಸುಕನ್ಯಾ.

ಎದ್ದು ಕೂಗಬೇಕೆನಿಸಿತು. ಕೂಗಿದರೆ ಏನಾಗುತ್ತದೆ? ಎಲ್ಲರೂ ಒಮ್ಮೆಗೇ ಎದ್ದು ಮೆಟ್ಟಿಲ ಬಾಯಿಗೆ ನುಗ್ಗುತ್ತಾರೆ. ಕುಳಿತ ಭಾರ ಬೇರೆ, ಓಡುವ ಭಾರ ಬೇರೆ.

ಹಾಲೇಶಪ್ಪ ಬಾಗಿಲಲ್ಲಿ ನಿಂತು ಬಂದವರಿಗೆ ಕೈ ಮುಗಿಯುತ್ತಿದ್ದ. ಮಹಬೂಬ ಅವನನ್ನು ತೋಳು ಹಿಡಿದು ಚೀಲಗಳ ಮರೆಗೆ ಎಳೆದ.

"ಸಾವ್ಕಾರ, ಮ್ಯಾಲಿನವ್ರನ್ನ ಕೆಳಗ ಇಳಿಸಬೇಕ್ರಿ. ಈಗ. ಮೆಲ್ಲಕ."

"ಯಾಕಲೇ?"

"ಅದು ಸಾಗುವಾನಿ ಅಲ್ರಿ. ಮಾವು. ಹುಳ ಬಿದ್ದೈತಿ."

ಹಾಲೇಶಪ್ಪನ ಮುಖ ಕೆಂಪಾಯಿತು. "ವಾರದ ಹಿಂದ ಆನಿ ನಿಂದ್ರಿಸು ಅಂದಿ. ಇವತ್ತು, ನಾಕು ಊರ ಮಂದಿ ಕುಂತಾಗ, ಮಾವು ಅಂತಿ? ತಲಿ ನೆಟ್ಟಗೈತಿಲ್ಲೋ? ಆ ಮುದುಕ ಏನರ ಒದರಿದ್ನೇನು? ಅವನಿಗೆ ಮೊದ್ಲಿಂದ ನಮ್ಮಪ್ಪನ್ನ ಕಂಡ್ರ ಆಗಿ ಬರಂಗಿಲ್ಲ."

"ನಂದು ತಪ್ಪಾಗೈತ್ರಿ. ಬೈಯೋದು ಆಮ್ಯಾಲ ಬೈರಿ. ಮೊದ್ಲು ಇದನ್ನ ನೋಡ್ರಿ." ಮಹಬೂಬ ಅಂಗೈ ಚಾಚಿದ. ಹಿಟ್ಟು ಅಲ್ಲಿ ಸಣ್ಣ ಗುಡ್ಡೆಯಾಗಿತ್ತು.

ಅಷ್ಟರಲ್ಲಿ ಮೇಲಿನಿಂದ ಹರಪನಹಳ್ಳಿಯ ವಿಡಿಯೊ ಹುಡುಗ ಅಮ್ಜದನ ದನಿ ಕೇಳಿತು. "ಎಲ್ರೂ ಎದ್ದು ನಡುಕೆ ಬರ್ರಿ! ಬಸುರಿ ಸುತ್ತ ನಿಂತ್ಕೊಳ್ರಿ! ಇನ್ನೂ ಒತ್ರಿ, ಫ್ರೇಮಿಗೆ ಬರ್ತಾ ಇಲ್ಲ!"

ದಡಬಡ ಹೆಜ್ಜೆಯ ಸದ್ದು. ಜಂತಿ ನರಳಿತು. ಹಿಟ್ಟು ಈ ಸಲ ಉದುರಲಿಲ್ಲ, ಸುರಿಯಿತು.

ಮಹಬೂಬ ಯಾರ ಅಪ್ಪಣೆಗೂ ಕಾಯಲಿಲ್ಲ. ಬಾಗಿಲ ಹಿಂದಿನ ಕರೆಂಟಿನ ಪೆಟ್ಟಿಗೆಗೆ ಕೈ ಹಾಕಿ ಫ್ಯೂಜು ಕಿತ್ತ. ಮೇಲೆ ವಿಡಿಯೊದ ದೊಡ್ಡ ಲೈಟು ಆರಿತು. "ಹೋ!" ಎಂದು ಹೆಂಗಸರ ಕೂಗು, ನಗು. "ಕರೆಂಟು ಹೋತು, ಕುಂದ್ರಿ ಕುಂದ್ರಿ," ಎಂದು ಯಾರೋ ಅಂದರು. ಒಬ್ಬೊಬ್ಬರಾಗಿ ಮತ್ತೆ ತಮ್ಮ ಜಾಗಕ್ಕೆ ಸರಿದು ಕುಳಿತ ಸದ್ದಾಯಿತು.

ಹಾಲೇಶಪ್ಪ ಮೇಲೆಯೇ ನೋಡುತ್ತಿದ್ದ. ನೀಲಿ ಬಣ್ಣದ ಸೀಳು ಈಗ ಬೆರಳಗಲ ಬಾಯಿ ಬಿಟ್ಟಿತ್ತು. ಅವನ ಕೆಂಪು ಮುಖ ಬೂದಿಯಾಯಿತು. "ಮಹಬೂಬ," ಎಂದ, ಇಷ್ಟು ಮೆತ್ತಗೆ ಅವನು ಎಂದೂ ಮಾತಾಡಿರಲಿಲ್ಲ, "ನನ್ನ ಸೊಸಿ ಅದಾಳಪಾ ಅಲ್ಲಿ."

"ಹಮಾಲಿ ಹುಲುಗಪ್ಪನ್ನ ಕರೀರಿ. ಈ ಚೀಲ ಎಲ್ಲಾ ಆ ಸೀಳಿನ ಕೆಳಗ ಒಟ್ಟಬೇಕು. ಬಿದ್ರೂ ಚೀಲದ ಮ್ಯಾಲ ಬೀಳ್ಲಿ."

ಅವನು ಮೆಟ್ಟಿಲ ಬುಡಕ್ಕೆ ಹೋಗಿ ಹೆಂಡತಿಯನ್ನು ಕರೆದ. ಅಜೀಜಬಿ ಮೆಟ್ಟಿಲ ಬಾಯಿಂದ ಮುಖ ಹಾಕಿದಳು. "ಏನ್ರಿ? ಬಳಿ ಇಡಸ್ಕೊಬೇಕೇನು ನೀವೂ?"

ಮಹಬೂಬ ಉರ್ದುವಿನಲ್ಲಿ, ತುಟಿ ಅಲುಗದಂತೆ, ನಾಲ್ಕೇ ಮಾತಿನಲ್ಲಿ ಹೇಳಿದ. ನೆಲ ಹುಳ ತಿಂದಿದೆ. ಕೂಗಬೇಡ. ಒಬ್ಬೊಬ್ಬರನ್ನೇ, ಗೋಡೆಯ ಬದಿಯಿಂದ, ಕೆಳಗೆ ಕಳಿಸು.

ಅವಳ ಮುಖದಲ್ಲಿ ನಗು ಇನ್ನೂ ಇತ್ತು. ಕಣ್ಣು ಮಾತ್ರ ಬೇರೆಯಾಯಿತು. ನೀವೇ ಅಲ್ಲವೇ ನೋಡಿದ್ದು, ಎಂದು ಕೇಳಲಿಲ್ಲ. ತಿರುಗಿ ಒಳಗೆ ಹೋದಳು. ಮರುಗಳಿಗೆ ಅವಳ ದನಿ ಮನೆಯೆಲ್ಲ ತುಂಬಿತು.

"ಅವ್ವಗೋಳಿರಾ, ಕರೆಂಟಿಲ್ಲ, ಕತ್ತಲ್ಯಾಗ ಬಳಿ ಇಡಿಸಿದ್ರ ಒಡಿತಾವ. ಬಸುರಿ ಮುಂದ ಬಳಿ ಒಡದ್ರ ಆ ಪಾಪ ನನಗ ಬ್ಯಾಡ. ನಾ ಅಂಗಳದಾಗ ಬೆಳಕಿಗೆ ಕುಂದ್ರತೀನಿ. ತೆಲಿಗಿಯವ್ರು ಮೊದ್ಲು! ಬೀಗ್ರು ಮೊದ್ಲು!"

"ನಾವೇನ್ ಮಾಡಿವಿ?" ಓಣಿಯ ಜಂಬಕ್ಕ ಕೇಳಿದಳು.

"ನಿನಗ ದಿನಾ ಸಿಗ್ತೀನಲ್ಲ ನಾ, ಸಂತಿಗೆ ಬಂದಂಗ ಬರ್ತೀನಿ ನಿಮ್ಮನಿಗೆ. ಕುಂದ್ರು ಕುಂತಲ್ಲೇ. ನೋಡ್ರಿ, ಎಲ್ಲಾರೂ ಕೇಳ್ರಿ, ನಾ ಹೆಸ್ರು ಕರದವ್ರು ಅಷ್ಟೇ ಏಳಬೇಕು. ಗುಂಪು ಕಟ್ಟಿ ನಿಂತವ್ರಿಗೆ ಬಳಿ ಇಲ್ಲ! ಗ್ವಾಡಿ ಹಿಡ್ಕೊಂಡು ಬರ್ರಿ, ಮೆಟ್ಲ ಸಣ್ಣವು, ಸೀರಿ ಉದ್ದ ಅದಾವ."

ಹೆಂಗಸರು ಇಳಿಯತೊಡಗಿದರು. ಒಬ್ಬಳು ಇಳಿದರೆ ಇನ್ನೊಬ್ಬಳ ಹೆಸರು. ಕೂಸಿನವರು, ದಪ್ಪಗಿದ್ದವರು ಮೊದಲು. ಅಜೀಜಬಿ ಮೆಟ್ಟಿಲ ಬಾಯಲ್ಲೇ ನಿಂತು ಒಬ್ಬೊಬ್ಬರಿಗೂ ಒಂದು ಮಾತು ಅಂಟಿಸಿ ಕಳಿಸುತ್ತಿದ್ದಳು. ಕೆಳಗೆ ಅಂಗಳದಲ್ಲಿ, ಮೊದಲು ಇಳಿದವಳ ಕೈಯಲ್ಲಿ ಕಳಿಸಿದ್ದ ಮಲಾರದ ಮುಂದೆ ಅವರು ಬಳೆಯ ಬಣ್ಣಕ್ಕೆ ಜಗಳ ಶುರುಮಾಡಿದ್ದರು.

ಪಡಸಾಲೆಯಲ್ಲಿ ಹಮಾಲಿ ಹುಲುಗಪ್ಪ ಚೀಲ ಹೊತ್ತು ಹೊತ್ತು ನಡುವೆ ಒಟ್ಟುತ್ತಿದ್ದ. "ಇದೇನಪಾ, ಕುಬಸದ ದಿನ ಲೋಡು ಬಂತೇನು?" ಎಂದು ಗಂಡಸರು ನಕ್ಕರು. ಹಾಲೇಶಪ್ಪ ಇಸ್ತ್ರಿ ಮುರಿಯದ ಬಿಳಿ ಧೋತರದಲ್ಲೇ ಒಂದು ಚೀಲದ ತುದಿಗೆ ಕೈ ಹಚ್ಚಿದ. ಅದನ್ನು ಕಂಡು ನಗು ನಿಂತಿತು. ಒಬ್ಬೊಬ್ಬರಾಗಿ ಮೇಲೆ ನೋಡಿದರು. ಎದ್ದು ಚೀಲ ಹೊತ್ತರು. ಲೈಟು ಹೋಯಿತೆಂದು ರೇಗುತ್ತ ಇಳಿದು ಬಂದ ಅಮ್ಜದ್ ಕೂಡ ಕ್ಯಾಮರಾ ಕೆಳಗಿಟ್ಟು ಒಂದು ಮೂಲೆ ಹಿಡಿದ.

ಅಜೀಜಬಿ ಮತ್ತೆ ಮೆಟ್ಟಿಲಿಗೆ ಬಂದಳು. ಈಗ ನಗು ಇರಲಿಲ್ಲ. "ಎಲ್ಲಾ ಇಳಿದ್ರು. ಅಮ್ಮಾರು ಸುಕನ್ಯಾನ್ನ ಬಿಡವಲ್ರು. ಉಡಿ ತುಂಬೀವಿ, ಆರತಿ ಆಗಲಾರ್ದ ಏಳಂಗಿಲ್ಲ ಅಂತ ಕುಂತಾರ. ಕಿವಿಯಾಗ ಹೇಳ್ದೆ, ಕೇಳವಲ್ರು."

ಮಹಬೂಬ ಹೆಂಗಸರ ಜಾಗವೆಂದು ನೋಡದೆ ಮೆಟ್ಟಿಲು ಹತ್ತಿದ. ತಲೆ ಮಾತ್ರ ನೆಲದ ಮಟ್ಟಕ್ಕೆ ಬಂದಾಗ ನಿಂತ. ಖಾಲಿ ನೆಲ ಕಪ್ಪಗೆ ಹೊಳೆಯುತ್ತಿತ್ತು. ಹೂವು, ಅಕ್ಕಿಕಾಳು ಚೆಲ್ಲಿದ್ದವು. ನಡುವೆ ಹಸಿರು ಸೀರೆಯ ಸುಕನ್ಯಾ, ಮಡಿಲು ತುಂಬ ಅಕ್ಕಿ, ಕೊಬ್ಬರಿ, ಬಾಳೆಹಣ್ಣು. ಅವಳಿಗೆ ಏನೂ ಗೊತ್ತಿರಲಿಲ್ಲ. ಅತ್ತೆಯ ಮುಖ ನೋಡುತ್ತಿದ್ದಳು. ಅನ್ನದಾನಮ್ಮ ಎದ್ದು ಬಂದು ಮೆಟ್ಟಿಲ ಬಾಯಲ್ಲಿ ಕುಕ್ಕರಿಸಿದಳು.

"ಅಮ್ಮಾರ, ನನ್ನ ತಪ್ಪು. ಮೂಲಿ ಹಲಗಿ ನೋಡಿ ಹೇಳಿದ್ದೆ. ನಡುವ ಇರೋದು ಬ್ಯಾರೆ ಮರ. ಆಕಿನ್ನ ಈಗ ಎಬ್ಬಿಸ್ರಿ, ಕೈ ಮುಗಿತೀನಿ."

"ಮೂಲ್ಯಾಗ ಕೆತ್ತು ಅಂತ ನಾನೇ ಹೇಳಿದ್ನಲ್ಲೋ," ಅಂದಳು ಅನ್ನದಾನಮ್ಮ. ದನಿ ಕೆಳಗಿಳಿಸಿದಳು. "ಕೇಳು. ನನ್ನ ಮೊದಲ್ನೇ ಕುಬಸ ಇಲ್ಲೇ ಆಗಿದ್ದು. ಇದೇ ಜಾಗದಾಗ ಕುಂತಿದ್ದೆ. ಉಡಿ ತುಂಬಿದ್ರು. ಅಷ್ಟರಾಗ ಬಣವಿಗೆ ಬೆಂಕಿ ಬಿತ್ತು ಅಂತ ಎಲ್ಲಾ ಎದ್ದು ಓಡಿದ್ರು. ನನ್ನೂ ಎಬ್ಬಿಸ್ಕೊಂಡು ಓಡಿದ್ರು. ಆರತಿ ಆಗ್ಲಿಲ್ಲ. ಆ ಕೂಸು ಉಳೀಲಿಲ್ಲ ಮಹಬೂಬ. ನೀ ಏನ್ ಬೇಕಾದ್ದು ಹೇಳು, ನಾ ಆಕಿನ್ನ ಆರತಿ ಇಲ್ಲದ ಎಬ್ಬಿಸಂಗಿಲ್ಲ."

ಮರದ ಮಾತಾದರೆ ಮಹಬೂಬ ಹೇಳಬಹುದು. ಮೂವತ್ತು ವರ್ಷದಿಂದ ಎದೆಯಲ್ಲಿ ಇಟ್ಟುಕೊಂಡ ಕೂಸಿನ ಎದುರು ಮಾವೇನು, ಬೇವೇನು.

"ಆತ್ರಿ," ಎಂದ ಕೊನೆಗೆ. "ಮಾಡ್ರಿ. ಆದ್ರ ನೀವಿಬ್ರೇ. ಮೈ ಅಲುಗಿಸಬ್ಯಾಡ್ರಿ. ಮುಗಿದ ಮ್ಯಾಲ ಆ ಬೇವಿನ ತೊಲಿ ಐತಲ್ಲ, ಅಲ್ಲಿ ಮೊಳಿ ಸಾಲು ಕಾಣ್ತೈತಿ, ಅದರ ಮ್ಯಾಲ ಹೆಜ್ಜಿ ಇಟ್ಟು ಗ್ವಾಡಿಗೆ ಬರ್ರಿ. ಮೊದ್ಲು ಆಕಿ."

"ನೀ ಎಲ್ಲಿರ್ತಿ?"

"ಕೆಳಗ."

ಅನ್ನದಾನಮ್ಮ ಅವನನ್ನು ಒಂದು ಸಲ ನೋಡಿ, ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು, ಗೋಡೆ ಹಿಡಿದು ಹಿಂದಕ್ಕೆ ಹೋದಳು.

ಮಹಬೂಬ ಕೆಳಗಿಳಿದು ಚೀಲದ ಗುಡ್ಡ ಹತ್ತಿದ. ಹುಲುಗಪ್ಪ ಅವನ ಪಕ್ಕ ಹತ್ತಿದ. ಚೀಲಗಳು ಜಂತಿಗೆ ಮುಟ್ಟಲು ಇನ್ನೂ ಎರಡು ಮೊಳ ಉಳಿದಿತ್ತು. ಅಲ್ಲಿಗೆ ಬೆನ್ನು ಕೊಟ್ಟು, ಮಂಡಿಗಳ ಮೇಲೆ ಕೈಯೂರಿ, ಇಬ್ಬರೂ ಬಾಗಿ ನಿಂತರು. ಬೆನ್ನಿಗೆ ಜಂತಿ ತಗುಲಿತು. ಮರದೊಳಗೆ ಏನೋ ಕುರುಕುರು ಸರಿಯುವುದು ಎಲುಬಿನಲ್ಲೇ ಕೇಳಿಸಿದಂತಾಯಿತು. ಟೋಪಿಯ ಮೇಲೆ, ಕತ್ತಿನೊಳಗೆ ಹಿಟ್ಟು ಇಳಿಯುತ್ತಿತ್ತು.

ಮೇಲೆ ಅನ್ನದಾನಮ್ಮ ಆರತಿ ಹಾಡು ಎತ್ತಿಕೊಂಡಳು. ಸೋಬಾನೆಗೆ ದನಿಗೂಡಿಸುವವರು ಯಾರೂ ಇಲ್ಲ; ಒಂಟಿ ದನಿ, ಮೊದಲು ಸ್ವಲ್ಪ ನಡುಗಿತು. ಮಹಬೂಬ ಒಳಗೊಳಗೇ ಬೇಡಿದ: ಒಂದು ನುಡಿಗೆ ಮುಗಿಸಲಿ. ಅವಳು ಒಂದು ನುಡಿಗೆ ಮುಗಿಸಲಿಲ್ಲ. ಎರಡನೆಯದು ಎತ್ತಿಕೊಂಡಳು. ಒಂದು ಸಾಲನ್ನೂ ನುಂಗಲಿಲ್ಲ, ಒಂದು ರಾಗವನ್ನೂ ಅವಸರಿಸಲಿಲ್ಲ. ಆಗ ಅಂಗಳದಿಂದ ಜಂಬಕ್ಕ, ಏನೂ ಅರಿಯದವಳು, ಇದ್ದಲ್ಲಿಂದಲೇ "ಸೋ" ಎಂದು ದನಿ ಕೂಡಿಸಿದಳು. ತೆಲಿಗಿಯವರೂ ಕೂಡಿಸಿದರು. ಹಾಡು ಅಂಗಳದಿಂದ ಮೇಲೆ ಹೋಗಿ ಮೇಲಿನಿಂದ ಅಂಗಳಕ್ಕೆ ಬಂತು.

"ಲೇ ಸಾಬಣ್ಣ," ಹುಲುಗಪ್ಪ ಬಿಗಿದ ಹಲ್ಲಿನ ನಡುವಿಂದ ಅಂದ, "ಈ ಹಾಡಿಗೆ ಎಷ್ಟು ನುಡಿ?"

"ನನಗೇನ್ ಗೊತ್ತಲೇ? ನಿಮ್ಮ ಹಾಡು."

ಹಾಡು ನಿಂತಿತು. ಸೀರೆಯ ಸರಬರ. "ಏಳವ್ವ, ಮೆಲ್ಲಕ. ಅತ್ತ ಅಲ್ಲ, ಇತ್ತ. ಮೊಳಿ ಮ್ಯಾಲ." ಜಂತಿ ಬೆನ್ನ ಮೇಲೆ ಒಮ್ಮೆ ಕೆಳಗೆ ಜಗ್ಗಿತು. ಮಹಬೂಬ ಬೆನ್ನು ಒತ್ತಿ ಹಿಡಿದ. ಜಗ್ಗಿದ್ದು ಅಲ್ಲೇ ನಿಂತಿತು. ಒಂದು ಹೆಜ್ಜೆ. ಇನ್ನೊಂದು. ಹೊಸ ಬಳೆಗಳ ಸದ್ದು ತಲೆಯ ಮೇಲಿಂದ ತೊಲೆಯ ಕಡೆಗೆ, ತೊಲೆಯಿಂದ ಗೋಡೆಯ ಕಡೆಗೆ ಹೋಯಿತು. ಆಮೇಲೆ ಮೆಟ್ಟಿಲಿಂದ ಅಜೀಜಬಿಯ ದನಿ: "ಬಾ ನನ್ನವ್ವಾ, ಬಾ. ಕೈ ಕೊಡು. ಬಂದ್ಲು! ಬಂದ್ಲ್ರೀ!"

ಪಡಸಾಲೆಯಲ್ಲಿದ್ದ ಹಾಲೇಶಪ್ಪ ಮೆಟ್ಟಿಲ ಬುಡಕ್ಕೆ ಓಡಿದ.

ಮಹಬೂಬ ಬೆನ್ನು ನೇರ ಮಾಡಬೇಕು ಎನ್ನುವಷ್ಟರಲ್ಲಿ ಪಕ್ಕದಲ್ಲೇ ಫಟ್ಟೆಂದು ಸದ್ದಾಯಿತು. ನೀಲಿ ಬಣ್ಣದ ಚಕ್ಕೆ, ಹಿಟ್ಟು, ತುಂಡು ಹಲಗೆ ಅವನ ಮುಖಕ್ಕೆ ಬಡಿದವು. ಕಣ್ಣು ಒರೆಸಿ ನೋಡಿದರೆ ಎದುರಿಗೆ ಒಂದು ಕಾಲು. ಮೊಣಕಾಲಿನವರೆಗೆ ನೇತಾಡುತ್ತಿತ್ತು, ಬೆರಳಲ್ಲಿ ಬೆಳ್ಳಿ ಕಾಲುಂಗುರ, ಪಾದದ ತುಂಬ ಅರಿಷಿಣ. ಆರತಿ ತಟ್ಟೆ ಬಿಟ್ಟು ಬರಬಾರದೆಂದು ಅನ್ನದಾನಮ್ಮ ಹಿಂದಕ್ಕೆ ಹೋಗಿದ್ದಳು.

ಅವನು ಆ ಪಾದವನ್ನು ಎರಡೂ ಅಂಗೈಯಲ್ಲಿ ಹಿಡಿದ. ಹೆಗಲ ಮೇಲೆ ಇಟ್ಟುಕೊಂಡ.

"ಯಾರಲೇ ಅದು ನನ್ನ ಕಾಲು ಹಿಡಿದೋರು?" ಮೇಲಿಂದ ದನಿ ಬಂತು.

"ನಾನ್ರಿ ಅಮ್ಮಾರ. ಮಹಬೂಬ."

ಹೆಗಲ ಮೇಲಿನ ಕಾಲಿನ ಬಿಗಿ ಸಡಿಲಿತು.

"ಬಿಡಬ್ಯಾಡ."

"ಬಿಡಂಗಿಲ್ರಿ."

"ಸುಕನ್ಯಾ ಇಳಿದ್ಲೇನು?"

"ಇಳಿದ್ಲು ರೀ. ಅಂಗಳದಾಗ ಅದಾಳ."

"ಹಂಗಾರ ಅವಸರಿಲ್ಲ," ಅಂದಳು ಅನ್ನದಾನಮ್ಮ. "ಆರತಿ ಇನ್ನೂ ಉರಿತೈತಿ. ಯಾರಿಗರ ಇದನ್ನ ಇಸ್ಕೊಳ್ಳಾಕ ಹೇಳು ಮೊದ್ಲು. ಸೀರಿಗೆ ಹತ್ತೀತು."

ಅಜೀಜಬಿ ಗೋಡೆಗುಂಟ ಹೋಗಿ, ತೊಲೆಯ ಮೇಲೆ ಉದ್ದಕ್ಕೆ ಮಲಗಿಕೊಂಡು ತಟ್ಟೆ ಇಸಿದುಕೊಂಡಳು. ಆಮೇಲೆ ಅನ್ನದಾನಮ್ಮನ ರಟ್ಟೆಗೆ ಕೈ ಹಾಕಿದಳು. ಕೆಳಗಿಂದ ಮಹಬೂಬ ಹೆಗಲು ಕೊಟ್ಟು ಎತ್ತಿದ. ಮುರಿದ ಹಲಗೆಯ ಹಲ್ಲು ಮೀನಖಂಡದ ಚರ್ಮ ಕಿತ್ತಿತು. ಅವಳು ಬೈದಳು, ಹಾಲೇಶಪ್ಪನ ಅಪ್ಪನನ್ನೂ ಸೇರಿಸಿ. ಮೆಟ್ಟಿಲು ಇಳಿದು ಅಂಗಳಕ್ಕೆ ಬಂದಾಗ ಮಾತ್ರ ಬೈಗುಳ ನಿಲ್ಲಿಸಿ ಸೊಸೆಯನ್ನು ಅಪ್ಪಿಕೊಂಡಳು.

* * *

ಊಟ ಅಂಗಳದಲ್ಲೇ ಆಯಿತು. ಪಡಸಾಲೆಗೆ ಯಾರನ್ನೂ ಬಿಡಲಿಲ್ಲ. ಮಹಬೂಬ ಒಬ್ಬನೇ ಮೊಳೆಯ ಸಾಲು ಹಿಡಿದು ಮೇಲೆ ಹೋಗಿ, ಗೋಡೆಯೊಳಗಿನ ಜಂತಿಯ ತಲೆಗಳನ್ನು ಉಳಿಯಿಂದ ಚುಚ್ಚಿ ಬಂದಿದ್ದ. ನಡುವಿನ ಜಂತಿಯ ಒಂದು ತಲೆ ಉಳಿಯ ಹಿಡಿಯವರೆಗೂ ಹಾಗೇ ಒಳಗೆ ಇಳಿಯಿತು, ಬೆಲ್ಲದ ಗಡಿಗೆಗೆ ಚಮಚ ಹಾಕಿದ ಹಾಗೆ. ಅದನ್ನು ಬಂದು ಹಾಲೇಶಪ್ಪನಿಗೆ ಹೇಳಿದ. ಬೈಗುಳಕ್ಕೆ ಕಾದು ನಿಂತ.

ಹಾಲೇಶಪ್ಪ ಮುರಿದ ಹಲಗೆಯ ತುಂಡನ್ನು ಕೈಯಲ್ಲಿ ತಿರುಗಿಸುತ್ತಿದ್ದ. ಮುರಿದ ಕಡೆ ಮರ ಬಿಳಿಚಿಕೊಂಡಿತ್ತು, ತೂತು ತೂತು. "ನಮ್ಮಪ್ಪ ದಾಂಡೇಲಿ ಅಂತ ಯಾಕ ಹೇಳಿದ್ನೋ?" ಎಂದ. ಮರುಳಪ್ಪ ಏನೋ ಹೇಳಲು ಬಾಯಿ ತೆರೆದ. ಅವನ ಎಲೆಗೆ ಅಜೀಜಬಿ ಇನ್ನೊಂದು ಹೋಳಿಗೆ ಹಾಕಿಸಿದಳು.

"ಸಾವ್ಕಾರ, ನಾ ಜಂತಿ ನೋಡಬೇಕಿತ್ರಿ," ಎಂದ ಮಹಬೂಬ. "ಬಣ್ಣ ಕೆಡ್ತೈತಿ ಅಂತ ಬಿಟ್ಟೆ. ಒಂದು ಹಲಗಿ ನೋಡಿ ಮನಿಗೆಲ್ಲ ಮಾತು ಕೊಟ್ಟೆ."

"ಕೊಟ್ಟಿ," ಎಂದ ಹಾಲೇಶಪ್ಪ. "ಕೊಟ್ಟಿದ್ದು ಹೌದು." ಅಷ್ಟೇ ಅಂದು ತುಂಡನ್ನು ಒಲೆಯ ಕಡೆಗೆ ಎಸೆದು ಕೈ ಜಾಡಿಸಿಕೊಂಡ. ಅದು ಕ್ಷಮೆಯೋ ಸಿಟ್ಟೋ ಮಹಬೂಬನಿಗೆ ಬಗೆಹರಿಯಲಿಲ್ಲ.

ಅಂಗಳದ ನೆರಳಿನಲ್ಲಿ ಅನ್ನದಾನಮ್ಮನಿಗೆಂದು ಪಕ್ಕದ ಮನೆಯಿಂದ ಒಂದು ಹಳೆಯ ಮಂಚ ತಂದು ಹಾಕಿದ್ದರು. ಕಾಲಿಗೆ ಅರಿಷಿಣದ ಪಟ್ಟಿ ಕಟ್ಟಿಸಿಕೊಂಡು ಅದರ ಪಕ್ಕ ನಿಂತಿದ್ದಳೇ ಹೊರತು ಕುಳಿತಿರಲಿಲ್ಲ. ಸುಕನ್ಯಾಳನ್ನೂ ಕುಳ್ಳಿರಿಸಿರಲಿಲ್ಲ.

"ಮಹಬೂಬ, ಬಾ ಇಲ್ಲಿ," ಎಂದು ಎಲ್ಲರೆದುರು ಕರೆದಳು. ಬಳೆ ನೋಡಿಕೊಳ್ಳುತ್ತಿದ್ದ ಹೆಂಗಸರು ತಲೆಯೆತ್ತಿದರು. "ಈ ಮಂಚ ಯಾವ ಮರದ್ದು ಹೇಳು. ನಾನೂ ನನ್ನ ಸೊಸಿನೂ ಇಬ್ರೂ ಕುಂದ್ರಬೇಕು."

ಮಂಚದ ತಲೆಕಡೆಯ ಪಟ್ಟಿ ನೋಡಿದರೇ ಗೊತ್ತಾಗುತ್ತಿತ್ತು, ಹೊನ್ನೆ. ನಾಲಗೆಯ ತುದಿಗೆ ಬಂದಿತ್ತು. ಮಹಬೂಬ ಅದನ್ನು ಹೇಳಲಿಲ್ಲ. ಟೋಪಿ ತೆಗೆದು ಬಗಲಿಗಿಟ್ಟುಕೊಂಡು ನೆಲಕ್ಕೆ ಬೆನ್ನು ಹಚ್ಚಿ ಮಂಚದ ಕೆಳಗೆ ತೂರಿದ. ಮೊದಲ ಕಾಲನ್ನು ಉಗುರಿನಿಂದ ಕೆರೆದ. ಆಮೇಲೆ ಎರಡನೆಯದನ್ನು.

"ಏನಂತೈತೋ ಮರ?" ಮೇಲಿಂದ ಅನ್ನದಾನಮ್ಮ ಕೇಳಿದಳು.

"ತಡೀರಿ ಅಮ್ಮಾರ," ಎಂದ ಅವನು ಕೆಳಗಿನಿಂದ. "ಇನ್ನೂ ಎರಡು ಕಾಲು ಅದಾವ."